ಡಾರ್ಕಸಳ ಮಡಿಲು

ಇಂಗ್ಲೆಂಡಿನ ವೆನ್‌ಕೂಂಬ್ ಎಂಬ ಸಣ್ಣ ಹಳ್ಳಿಯ ಚರ್ಚಿಗೆ ಎಂಟುನೂರು ವರ್ಷ ವಯಸ್ಸಾಗಿದೆಯಂತೆ. ನೋಡಲು ಬಂದವರು ಮೊದಲು ಗಿಡ್ಡ ಗೋಪುರ ನೋಡುತ್ತಾರೆ, ಆಮೇಲೆ ಬಣ್ಣದ ಗಾಜಿನ ಕಿಟಕಿ, ಕೊನೆಗೆ ಎದುರಿನ ಹೋಟೆಲಿನಲ್ಲಿ ಚಹಾ. ಸಮಾಧಿಗಳ ಅಂಗಳವನ್ನು ಬಳಸಿನಿಂತ ಕಲ್ಲುಗೋಡೆಯನ್ನು ಗಮನಿಸುವವರು ಕಡಿಮೆ. ಮೂರು ಕಡೆ ಅದು ನೂಲು ಹಿಡಿದಂತೆ ನೇರವಾಗಿದೆ. ಉತ್ತರದ ಮಗ್ಗುಲಲ್ಲಿ ಮಾತ್ರ ಹೊರಗಿನ ಊರೊಟ್ಟಿನ ಹುಲ್ಲುಗಾವಲಿನತ್ತ ಬಾಗಿ, ಎರಡು ಮಾರು ಜಾಗವನ್ನು ಒಳಕ್ಕೆ ಸೇರಿಸಿಕೊಂಡಿದೆ. ಊರವರು ಅದನ್ನು ಡಾರ್ಕಸಳ ಮಡಿಲು ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಗೋಡೆಯನ್ನು ಮನೆಮನೆಗೂ ಹಂಚಿಕೊಡುವ ಪದ್ಧತಿಯಿತ್ತು. ಇಂತಿಷ್ಟು ಮೊಳ ಇಂಥ ಮನೆಯದು. ಕಲ್ಲು ಬಿದ್ದರೆ ಆ ಮನೆಯವರೇ ಎತ್ತಿಡಬೇಕು, ಬೇರೆಯವರ ಕೈ ತಾಗಕೂಡದು. ವರ್ಷಕ್ಕೊಮ್ಮೆ, ವಸಂತದ ಒಂದು ಭಾನುವಾರ, ಪಾದ್ರಿಯೇ ಈ ಕಟ್ಟಳೆಯನ್ನು ಎಲ್ಲರೆದುರು ಓದುತ್ತಿದ್ದ. ಉತ್ತರದ ಪಾಲು ಕುರಿ ಸಾಕುವ ವಿಧವೆ ಡಾರ್ಕಸಳದು. ಗಂಡ ಸತ್ತ ನಾಲ್ಕನೇ ತಿಂಗಳಿಗೆ ಅವಳಿಗೆ ಹೆಣ್ಣುಮಗು ಹುಟ್ಟಿತು, ಹುಟ್ಟುತ್ತಲೇ ಉಸಿರಿಗೆ ಪರದಾಡಿತು. ಬೇಗ ಬಂದು ಹೆಸರಿಟ್ಟು ದೀಕ್ಷಾಸ್ನಾನ ಕೊಡಿ ಎಂದು ಪಾದ್ರಿ ಕ್ರಾಬ್‌ಗೆ ಮೂರು ಸಲ ಹೇಳಿಕಳಿಸಿದಳು. ಪುಣ್ಯಾತ್ಮ ಕುದುರೆ ಏರಿ ನರಿ ಬೇಟೆಗೆ ಹೋಗಿದ್ದ! ಸೂಲಗಿತ್ತಿ ತಾನೇ ದೀಕ್ಷೆಯ ನೀರು ಹಾಕಲು ಮುಂದಾಗಿ ಹಿಂಜರಿದಳು. ತನ್ನ ಕೈಯಿಂದಲ್ಲದೆ ಆ ಕೆಲಸ ನಡೆಯಕೂಡದೆಂದು ಪಾದ್ರಿ ಮೊದಲೇ ಕಟ್ಟುನಿಟ್ಟು ಮಾಡಿದ್ದ. ಮೂರನೆಯ ದಿನ ಮಗು ಹೋಯಿತು.

"ದೀಕ್ಷಾಸ್ನಾನ ಆಗದ ಕೂಸನ್ನ ಗೋಡೆಯೊಳಗಿನ ಪವಿತ್ರ ಭೂಮೀಲಿ ಇಡೋಕಾಗಲ್ಲ" ಎಂದನಂತೆ ಕ್ರಾಬ್, ಬೂಟಿನ ಕೆಸರು ಒಣಗುವ ಮೊದಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ತಾನು ಮಾಡದೆ ಬಿಟ್ಟ ಕೆಲಸಕ್ಕೆ ಕೂಸಿಗೆ ಶಿಕ್ಷೆ. ಊರಿನ ಗಂಡಸರು ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತರು. ಡಾರ್ಕಸ್ ಯಾರ ಕಾಲಿಗೂ ಬೀಳಲಿಲ್ಲ. ತನ್ನ ಪಾಲಿನ ಗೋಡೆಯ ಹೊರಗೆ, ಗೋಡೆಗೆ ತಾಗಿಯೇ ಮಗುವನ್ನು ಮಣ್ಣುಮಾಡಿದಳು. ಊರ ದನಕರುಗಳು ಅದರ ಮೇಲೆ ತುಳಿದಾಡುವುದನ್ನು ಚಳಿಗಾಲವೆಲ್ಲ ನೋಡಿದಳು.

ವಸಂತ ಬಂತು, ಕ್ರಾಬ್ ಕಟ್ಟಳೆ ಓದಿದ. ಮಾರನೆಯ ಬೆಳಿಗ್ಗೆ ಡಾರ್ಕಸ್ ತನ್ನ ಪಾಲಿನ ಗೋಡೆಯನ್ನು ಬುಡದವರೆಗೆ ಬಿಚ್ಚಿ, ಹಾಡಹಗಲೇ, ಗೋರಿಯ ಆಚೆಯಿಂದ ಬಳಸಿ ಹೊಸದಾಗಿ ಕಟ್ಟತೊಡಗಿದಳು. ಕಲ್ಲು ಸಾಲದಾಗ ತನ್ನ ಕುರಿದೊಡ್ಡಿಯನ್ನೇ ಕೆಡವಿ ತಂದಳು. ಐದನೆಯ ದಿನ ಪಾದ್ರಿ ಊರಿನ ಆಳುಗಳೊಡನೆ ಕೆಂಡವಾಗಿ ಬಂದ.

"ಕೆಡವು ಇದನ್ನ! ಇಲ್ಲಾಂದ್ರೆ ಇವರ ಕೈಲಿ ಕೆಡವಿಸ್ತೀನಿ!"

"ಅವರವರ ಪಾಲು ಅವರವರೇ ಮುಟ್ಟಬೇಕು ಅಂತ ಮೊನ್ನೆ ತಾನೇ ಓದಿದ್ರಲ್ಲ ಸ್ವಾಮಿ. ಮುಟ್ಟಿಸಿ ನೋಡಣ" ಎಂದಳು ಡಾರ್ಕಸ್, ಕೈಯ ಕಲ್ಲನ್ನು ಕೆಳಗಿಡದೆ.

ಆಳುಗಳಲ್ಲಿ ಒಬ್ಬನೂ ಕದಲಲಿಲ್ಲ. ಇವಳ ಪಾಲಿಗೆ ಕೈಹಾಕಿದರೆ ನಾಳೆ ತಮ್ಮ ಪಾಲಿಗೂ ಯಾರೋ ಕೈಹಾಕುತ್ತಾರೆಂಬ ಭಯವೋ, ತಡವಾಗಿ ಬಂದ ನಾಚಿಕೆಯೋ, ದೇವರೇ ಬಲ್ಲ.

ಇಂದು ಕ್ರಾಬ್‌ನ ಸಮಾಧಿ ಚರ್ಚಿನೊಳಗೇ ಇದೆ. ಅಮೃತಶಿಲೆಯ ಮೇಲೆ ಅವನ ಕರುಣೆಯನ್ನು ಹನ್ನೆರಡು ಸಾಲು ಹೊಗಳಿದ್ದಾರೆ. ಪ್ರವಾಸಿಗರು ಅದರ ಫೋಟೋ ತೆಗೆಯುತ್ತಾರೆ. ಬಾಗಿಲಲ್ಲಿ ಕೊಡುವ ಕರಪತ್ರದ ಪ್ರಕಾರ ನೆಲ ಕುಸಿದು ಗೋಡೆ ಬಾಗಿತಂತೆ. ಸುಳ್ಳಿಗೂ ಒಂದು ಮಿತಿ ಬೇಡವೇ? ನೆಲ ಕುಸಿದರೆ ಕಲ್ಲುಗಳು ಉರುಳುತ್ತವೆ; ಇಲ್ಲಿ ಒಂದೊಂದೂ ಕೈಯಿಂದ ಹೊಂದಿಸಿಟ್ಟಂತೆ ಕೂತಿವೆ. ಉತ್ತರಕ್ಕೆ ನಡೆದು ಹೋದವರಿಗೆ ಆ ಬಾಗಿನೊಳಗೆ ಮೊಳದುದ್ದದ ಹುಲ್ಲುದಿಬ್ಬವೊಂದು ಕಾಣುತ್ತದೆ. ಬರಹದ ಕಲ್ಲಿಲ್ಲ. ಮಗುವಿಗೆ ಹೆಸರಿಡಬೇಕಾದವನು ಬೇಟೆಯಲ್ಲಿದ್ದ. ಅದಕ್ಕೇ ಆ ಜಾಗಕ್ಕೆ ತಾಯಿಯ ಹೆಸರು.