ವೀರನ ಮುರಿದ ಮೊಣಕಾಲು

ಗಾಜಿನ ಕಪಾಟಿನಲ್ಲೊಬ್ಬ ಪ್ಲಾಸ್ಟಿಕ್ ವೀರನಿದ್ದ, ಕಂದಾ. ಅವನ ಕಾಲಬಳಿ ಮಲಗಿರುತ್ತಿದ್ದ ಬಟ್ಟೆಗೊಂಬೆ ಪುಟ್ಟಜ್ಜಿಯ ಜತೆ ದಿನಾ ಕೂತು ಹರಟುತ್ತಿದ್ದ. ಒಂದು ದಿನ ಕೂರಲು ಹೋದಾಗ ಮೊಣಕಾಲಿನ ಕೀಲು ಲಟಕ್ಕೆಂದು ಮುರಿಯಿತು.

ಅಂಟು ಬಂದು ಬೀಗಿತು: "ನಾನು ಹಿಡಿದರೆ ಮುಗೀತು ದೊರೆ, ಮತ್ತೆ ಮುರಿಯೋ ಮಾತೇ ಇಲ್ಲ. ನೆಟ್ಟಗೆ ನಿಂತಿರ್ತೀರಿ."

"ಕೂರೋಕಾಗುತ್ತಾ?"

"ವೀರರು ಎಲ್ಲಾದರೂ ಕೂರ್ತಾರಾ?"

ಗುಂಡುಸೂಜಿ ಮೆಲ್ಲಗೆ ಹೇಳಿತು: "ನಾನು ಕೀಲಿನೊಳಗೆ ತೂರಿದರೆ ನೋಯುತ್ತೆ ತಮ್ಮಾ. ಆಮೇಲೂ ಒಂಚೂರು ಕುಂಟುತ್ತೀಯ. ಆದರೆ ಕಾಲು ಮಡಚುತ್ತೆ."

"ನನಗೋಸ್ಕರ ಕುಂಟನಾಗಬೇಡ ಮಗಾ, ಅಂಟೇ ಹಚ್ಚಿಸ್ಕೋ. ನಿಂತರೇ ನೀನು ಚಂದ," ಎಂದಳು ಪುಟ್ಟಜ್ಜಿ.

ವೀರ ಹಲ್ಲು ಕಚ್ಚಿಕೊಂಡು ಗುಂಡುಸೂಜಿಯ ಕಡೆಗೆ ಕಾಲು ಚಾಚಿದ. ಆಮೇಲೆ ಕುಂಟುತ್ತಾ ಬಂದು ಅವಳ ಪಕ್ಕ ಕೂತ.

"ನಿಂತರೆ ನಿನ್ನ ಮುಖ ಕಾಣೋದಿಲ್ಲವಲ್ಲ ಅಜ್ಜಿ," ಎಂದ.