ಗೌಡರ ಖಾಸಗಿ ಕಕ್ಕಸು

ಸರ್ಕಾರ, ಕರೆಂಟು, ನಲ್ಲಿನೀರು ಮೂರೂ ನಿಂತು ಮೂರು ವರ್ಷವಾಗಿತ್ತು. ಕಾಲೊನಿಯವರು ಬಕೆಟ್ ಕಕ್ಕಸಿಗೆ ಹೋಗಿ, ಮೇಲೊಂದು ಹಿಡಿ ಬೂದಿ ಚೆಲ್ಲಿ ಬರುತ್ತಿದ್ದರು. ಯಾವ ಕಕ್ಕಸಿಗೆ ಯಾರು ಹೋಗುತ್ತಾರೋ ಅವರೇ ದಿನಕ್ಕೊಬ್ಬರಂತೆ ಅದರ ಬಕೆಟ್ಟನ್ನು ಗುಂಡಿಗೆ ಸುರಿಯಬೇಕು. ಸರದಿ ಬರೆಯುವವಳು ಚೌಡಮ್ಮ.

ಒಂದು ದಿನ ಅಧ್ಯಕ್ಷ ನಂಜಪ್ಪಗೌಡರು ಗುಡುಗಿದರು. "ಕಂಡಕಂಡವರ ಜೊತೆ ನಾನು ಸಾಲಲ್ಲಿ ನಿಲ್ಲಬೇಕೇನೇ? ನನಗೊಬ್ಬನಿಗೇ ಬೇರೆ ಕಟ್ಟಿಸು. ಇಲ್ಲದಿದ್ದರೆ ನಿನ್ನ ರೇಷನ್ ಬಂದ್."

"ಆಗಲಿ ಗೌಡ್ರೇ," ಎಂದಳು ಚೌಡಮ್ಮ. ಎರಡೇ ದಿನದಲ್ಲಿ ತಗಡಿನ ಕಕ್ಕಸು ಕಟ್ಟಿಸಿ, ಬೀಗದಕೈ ಅವರ ಕೈಗಿಟ್ಟಳು. ಗೌಡರು ಮೀಸೆ ತಿರುವುತ್ತ ಒಳಗೆ ಹೋದರು.

ಹೊರಗೆ ಬಂದು ನೋಡಿದರೆ, ಅವಳು ಬಾಗಿಲಿಗೆ ಸರದಿಪಟ್ಟಿ ಅಂಟಿಸುತ್ತಿದ್ದಳು. ಸೋಮವಾರ ನಂಜಪ್ಪಗೌಡರು. ಮಂಗಳವಾರ ನಂಜಪ್ಪಗೌಡರು. ಬುಧವಾರವೂ ಅವರೇ. ಗೌಡರು ಭಾನುವಾರದವರೆಗೂ ಓದಿದರು.

ಮರುದಿನ ಬೆಳಗ್ಗೆ ಗೌಡರು ಎಲ್ಲರ ಸಾಲಿನ ಕೊನೆಯಲ್ಲಿ ಬೂದಿ ಹಿಡಿದು ನಿಂತಿದ್ದರು. "ಚೌಡಮ್ಮನೋರೇ, ಇಲ್ಲಿ ನನ್ನ ಸರದಿ ತಿಂಗಳಿಗೊಂದೇ ಸಲ ತಾನೆ?"