ಕಪ್ಪು ಪಾಲು

"ಗುರುಗಳೇ, ಹತ್ತೂರು ಕೂಡಿ ಹಸಿರು ಬೆಳೆಸುವಾಗ, ಒಂದು ಗಿಡವನ್ನೂ ನೆಡದ ಪಂಚಾಯಿತಿಗೆ ಏನು ಮರ್ಯಾದೆ?" ಎಂದು ಶಿಷ್ಯ ಕೆಂಚಪ್ಪ ಕೇಳಿದ.

ಅವನು ತನ್ನೂರಿನ ಪಂಚಾಯಿತಿಯ ಸದಸ್ಯ. ಸುತ್ತಲ ಊರುಗಳ ಹಸಿರು ಕೂಟದಲ್ಲಿ ಅವನೂರಿನ ಪಾಲಿಗೆ ಬಂದದ್ದು ತೋಪಿನ ಬೇಲಿ ಕಾಯುವ ಕೆಲಸ. ಸದಸ್ಯರೂ ಸರದಿಯಂತೆ ಕಾಯಬೇಕು. ಅಂದು ಅವನ ಸರದಿ. ಈ ಕೂಟವೇ ಬೇಡವೆಂದು ಊರವರು ಮರುದಿನ ಸಭೆ ಕರೆದಿದ್ದರು.

ಗುರು ಒಂದು ಕತೆ ಹೇಳಿದರು.

ಒಂದು ಬೋಳು ಗುಡ್ಡ, ಅದರ ಸುತ್ತ ಐದು ಊರು. ಐದೂ ಪಂಚಾಯಿತಿಗಳು ಕೂಡಿ ಗುಡ್ಡಕ್ಕೆ ಹಸಿರು ಹೊದಿಸುವುದೆಂದು ಮಾತಾಯಿತು. ನಾಲ್ಕು ಊರಿಗೆ ಗಿಡ ನೆಡುವ ಕೆಲಸ ಬಂತು. ಐದನೆಯದು ಎಲ್ಲಕ್ಕಿಂತ ಚಿಕ್ಕ ಊರು, ಹೆದ್ದಾರಿಗೂ ಗುಡ್ಡಕ್ಕೂ ನಡುವೆ ಇದ್ದ ಊರು. ದಾರಿಹೋಕರು ಎಸೆದ ಬೀಡಿಯ ಕಿಡಿ ಮೇಲೇರದಂತೆ, ಗುಡ್ಡದ ಬುಡದ ಒಂದು ಪಟ್ಟಿಯನ್ನು ಬೋಳಾಗಿ ಇಟ್ಟುಕೊಳ್ಳುವುದು ಅದರ ಪಾಲು. ಪ್ರತಿ ಪುಷ್ಯ ಮಾಸದ ಚಳಿಯಲ್ಲಿ, ಬೆಳಗಿನ ಇಬ್ಬನಿ ಆರುವ ಮೊದಲೇ, ಮನೆಗೊಬ್ಬರು ಹಸಿ ಸೊಪ್ಪಿನ ಕೊಂಬೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಆ ಪಟ್ಟಿಯ ಹುಲ್ಲನ್ನು ತಾವೇ ಸುಟ್ಟು, ಉರಿ ಅಂಚು ದಾಟದಂತೆ ಬಡಿಯುತ್ತಿದ್ದರು.

ಆ ಊರಿನ ಅಧ್ಯಕ್ಷೆ ಒಬ್ಬ ಕುರಿಗಾಹಿಯ ಹೆಂಡತಿ. ನಾಲ್ಕೂರವರ ಗಿಡ ಆಳೆತ್ತರವಾಗಿ, ನೋಡಲು ಜನ ಬರತೊಡಗಿದರು. ಅವಳೂರಿನ ಕಡೆ ಯಾರೂ ತಿರುಗಲಿಲ್ಲ. ಒಂದು ಮಳೆಗಾಲ ಅವಳೂರಿನವರೇ ನಾಚಿಕೆ ತಾಳದೆ ಪಟ್ಟಿಯ ತುಂಬ ಸಸಿ ನೆಟ್ಟುಬಿಟ್ಟರು. ಅವಳ ಮನಸ್ಸೂ ತೂಗಾಡಿತು. ತನ್ನೂರಿಗೂ ತೋರಿಸಿಕೊಳ್ಳಲು ಒಂದಿಷ್ಟು ಹಸಿರು ಬೇಡವೇ? ಆದರೆ ಕೊಟ್ಟ ಮಾತು ದೊಡ್ಡದು. ಸಸಿಗಳನ್ನು ಮಣ್ಣುಸಮೇತ ಎತ್ತಿ, ಬುಟ್ಟಿಯಲ್ಲಿ ಹೊತ್ತು, ಪಕ್ಕದೂರಿನ ಪಾಲಿನಲ್ಲಿ ನೆಟ್ಟು ಬಂದಳು. ಗಿಡ ನೆಡುವ ಕೂಟದಲ್ಲಿ ಗಿಡ ಕಿತ್ತ ಅಧ್ಯಕ್ಷೆ ಎಂದು ಐದೂರಲ್ಲೂ ನಗೆಯೋ ನಗೆ.

ಪುಷ್ಯದಲ್ಲಿ ಅವಳು ಎಂದಿನಂತೆ ಪಟ್ಟಿ ಸುಡಿಸಿದಳು. ದೊಡ್ಡೂರಿನ ಅಧ್ಯಕ್ಷ ಬಂದು ನೋಡಿ ಕೆಣಕಿದ: "ಏನಕ್ಕಾ, ಗುಡ್ಡೆಲ್ಲ ಹಸಿರಾಗೈತೆ, ನಿಮ್ಮ ಪಾಲೊಂದು ರೊಟ್ಟಿ ಹಂಚಿನ ತಳ ಇದ್ದಂಗೈತೆ."

"ತಳ ಕಪ್ಪಾಗ್ದೆ ಯಾವ ಹಂಚಿನ ಮೇಲೆ ರೊಟ್ಟಿ ಬೇಯ್ತೈತಣ್ಣ?" ಎಂದಳು ಅವಳು.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತು. ಒಂದು ಮಧ್ಯಾಹ್ನ ಹೆದ್ದಾರಿಯ ಬದಿಯಲ್ಲಿ ಹುಲ್ಲಿಗೆ ಬೆಂಕಿ ಹತ್ತಿತು. ಗಾಳಿ ಅದನ್ನು ಗುಡ್ಡದ ಕಡೆಗೇ ಅಟ್ಟಿತು. ನಾಲ್ಕೂರವರು ದೂರದಲ್ಲಿ ನಿಂತು ತಲೆಯ ಮೇಲೆ ಕೈ ಹೊತ್ತರು. ಬೆಂಕಿ ಕಪ್ಪು ಪಟ್ಟಿಯವರೆಗೆ ಬಂತು. ತಿನ್ನಲು ಏನೂ ಸಿಗದೆ ಅಲ್ಲೇ ಕುಗ್ಗಿತು. ಹಾರಿಬಂದ ಕಿಡಿಗಳನ್ನು ಚಿಕ್ಕ ಊರಿನವರು ಸೊಪ್ಪಿನಿಂದ ಬಡಿದು ಆರಿಸಿದರು. ಅವಳು ಹೊತ್ತು ಹಾಕಿದ್ದ ಸಸಿಗಳೂ ಸೇರಿ, ಗುಡ್ಡದ ಒಂದು ಗಿಡವೂ ಸುಡಲಿಲ್ಲ.

ಮುಂದಿನ ಪುಷ್ಯದಲ್ಲಿ ನಾಲ್ಕೂ ಊರಿನ ಅಧ್ಯಕ್ಷರು ಕೈಯಲ್ಲಿ ಸೊಪ್ಪಿನ ಕೊಂಬೆ ಹಿಡಿದು ಬಂದರು. "ಅಕ್ಕಾ, ನಾವೆಲ್ಲಿ ನಿಲ್ಲಾನ?" ಎಂದು ಕೇಳಿದವನು ಅದೇ ದೊಡ್ಡೂರಿನವನು. ಅವಳಿಗೆ ಹೆಮ್ಮೆಯಾಯಿತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ. ತಲೆಯೆತ್ತಿ ನಿಂತು ಅವರವರ ಜಾಗ ತೋರಿಸಿದಳು.

ಕತೆ ಅಲ್ಲಿಗೆ ಮುಗಿಯಿತು. ಕೆಂಚಪ್ಪನ ಮುಖ ಅರಳಿತ್ತು. "ಇದನ್ನು ನಾಳೆ ಸಭೆಯಲ್ಲಿ ಹೇಳುತ್ತೇನೆ ಗುರುಗಳೇ, ನಮ್ಮೂರಿನ ಮರ್ಯಾದೆ ಏನೆಂದು ಎಲ್ಲರಿಗೂ ಗೊತ್ತಾಗಲಿ" ಎಂದ.

ಗುರು ಅವನನ್ನೇ ನೋಡಿ ಕೇಳಿದರು: "ಹೇಳುವೆಯಂತೆ, ಈಗ ಬೇಲಿಯ ಹತ್ತಿರ ಯಾರಿದ್ದಾರಪ್ಪಾ?"